ಮನೆಯಲ್ಲಿ ಸೀನಿಯರ್ ಇದ್ದರೆ: ಚಳಿಗಾಲದ ರಜೆಯಲ್ಲಿ ಕಾಲೇಜಿನ ಕೆಲಸ ಮುಗಿಸುವ ಬಗೆ

ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಗ ಅಥವಾ ಮಗಳಿರುವ ಕನ್ನಡದ ಅಪ್ಪ-ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಿಸೆಂಬರ್ ಮೂರನೇ ವಾರದ ಸುಮಾರಿಗೆ ಶಾಲೆಗೆ ರಜೆ ಬರುತ್ತದೆ, ಜನವರಿ ಮೊದಲ ವಾರದ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಬಹಳಷ್ಟು ಖಾಸಗಿ ಕಾಲೇಜುಗಳ ರೆಗ್ಯುಲರ್ ಡಿಸಿಷನ್ (ಅಂದರೆ ಮಾಮೂಲು ಸುತ್ತಿನ ಅರ್ಜಿಯ) ಗಡುವು ಬರುವುದು ಸರಿಯಾಗಿ ಈ ರಜೆಯಲ್ಲೇ. ಮನೆ ತುಂಬ ನೆಂಟರು, ಊಟ, ಓಡಾಟ ಇರುವಾಗ ಮಗು ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತದೆ. ಎಲ್ಲರಿಗೂ ಟೆನ್ಷನ್.

ನಮ್ಮಲ್ಲಿ ಬಹಳ ಜನ ಓದಿದ್ದು ಕರ್ನಾಟಕದಲ್ಲಿ. ಸಿಇಟಿ ರ‍್ಯಾಂಕ್ ಬಂತು, ಕೌನ್ಸೆಲಿಂಗಿಗೆ ಹೋದೆವು, ಸೀಟು ಸಿಕ್ಕಿತು. ಫೀಸು ಎಷ್ಟು ಅನ್ನುವುದೂ ಗೊತ್ತಿರುತ್ತಿತ್ತು. ಇಲ್ಲಿ ಹಾಗಿಲ್ಲ. ರ‍್ಯಾಂಕ್ ಇಲ್ಲ. ಒಂದೇ ಬೀದಿಯ ಎರಡು ಮನೆಯವರು ಒಂದೇ ಕಾಲೇಜಿಗೆ ಬೇರೆ ಬೇರೆ ಮೊತ್ತ ಕಟ್ಟುತ್ತಾರೆ. ಹಾಗಾಗಿ ಈ ರಜೆಯ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ಮುಂದೆ ಇಡುವುದು ಮಗುವಿನ ಜೊತೆ ಕೂತು ದುಡ್ಡಿನ ಮಾತಾಡುವುದನ್ನು. ಅರ್ಜಿಯ ಜೊತೆ ಕೊಡುವ ಎಸ್ಸೇ, ಅಂದರೆ ಪ್ರಬಂಧ, ಬರೆಯುವುದು ಮಕ್ಕಳ ಕೆಲಸ. ಈ ಮಾತನ್ನು ಶುರು ಮಾಡಬೇಕಾದವರು ನಾವು.

ರಜೆ ಶುರುವಾಗುವ ಮುಂಚಿನ ವಾರ

ಶಾಲೆ ಮುಚ್ಚಿದ ಮೇಲೆ ಕೌನ್ಸಿಲರ್, ಅಂದರೆ ಮಕ್ಕಳಿಗೆ ದಾರಿ ತೋರಿಸಿ ಶಾಲೆಯ ಕಾಗದಗಳನ್ನು ಕಾಲೇಜಿಗೆ ಕಳಿಸುವವರು, ಸಿಗುವುದಿಲ್ಲ. ಇದನ್ನು ಮರೆತು ಡಿಸೆಂಬರ್ 28ಕ್ಕೆ ಇಮೇಲ್ ಕಳಿಸಿ ಕಾಯುವವರು ಪ್ರತಿವರ್ಷ ಇರುತ್ತಾರೆ. ಪಬ್ಲಿಕ್ ಶಾಲೆಗಳಲ್ಲಿ ಒಬ್ಬ ಕೌನ್ಸಿಲರಿಗೆ 250 ಮಕ್ಕಳಿಗಿಂತ ಜಾಸ್ತಿ ಇರಬಾರದು ಅಂತ ಅವರ ಸಂಘವೇ ಹೇಳುತ್ತದೆ. ಎಷ್ಟೋ ಕಡೆ ಅದಕ್ಕಿಂತ ತುಂಬಾ ಜಾಸ್ತಿ ಇರುತ್ತಾರೆ. ನಿಮ್ಮ ಮಗುವಿನ ಕೆಲಸ ಅವರಿಗೆ ತಾನಾಗೇ ನೆನಪಿರಲಿ ಅಂತ ಬಯಸುವುದು ನ್ಯಾಯವಲ್ಲ.

ಕೊನೆಯ ಶಾಲಾದಿನದ ಒಳಗೆ ಮಗು ಮೂರು ವಿಷಯ ಖಚಿತ ಮಾಡಿಕೊಳ್ಳಲಿ. ಪಟ್ಟಿಯಲ್ಲಿರುವ ಪ್ರತಿ ಕಾಲೇಜಿಗೂ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ) ಹೋಗಿದೆಯಾ ಅಥವಾ ಹೋಗುವ ಸಾಲಿನಲ್ಲಿದೆಯಾ. ಶಿಫಾರಸು ಪತ್ರ ಬರೆಯಲು ಒಪ್ಪಿದ ಟೀಚರ್‌ಗಳು ಅದನ್ನು ಅಪ್‌ಲೋಡ್ ಮಾಡಿದ್ದಾರಾ. ಹೊಸದಾಗಿ ಒಂದೆರಡು ಕಾಲೇಜು ಸೇರಿಸಿದ್ದರೆ ಅದು ಕೌನ್ಸಿಲರಿಗೆ ಗೊತ್ತಿದೆಯಾ. ಶಾಲೆಯಿಂದ ಬರಬೇಕಾದ ಕಾಗದ ನಾಲ್ಕು ದಿನ ತಡವಾದರೆ ಸಾಮಾನ್ಯವಾಗಿ ಕಾಲೇಜಿನವರು ತಾಳಿಕೊಳ್ಳುತ್ತಾರೆ. ಮಗು ಕಳಿಸಬೇಕಾದ ಭಾಗಕ್ಕೆ ಆ ಸಡಿಲ ಇರುವುದಿಲ್ಲ.

ಟೀಚರಿಗೆ ಕೈಯಾರೆ ಬರೆದ ಒಂದು ಥ್ಯಾಂಕ್ಸ್ ಚೀಟಿ ಕೊಡಿಸಿ. ತಮ್ಮ ಸ್ವಂತ ಹೊತ್ತಿನಲ್ಲಿ ಕೂತು ನಮ್ಮ ಮಕ್ಕಳ ಬಗ್ಗೆ ಬರೆದಿರುತ್ತಾರೆ, ಅಲ್ವಾ?

ಮೊದಲ ಶನಿವಾರ: ದುಡ್ಡಿನ ಮಾತು

ನಮ್ಮ ಮನೆಗಳಲ್ಲಿ ಮಕ್ಕಳ ಮುಂದೆ ದುಡ್ಡಿನ ಮಾತು ಆಡುವುದು ಕಡಿಮೆ. "ನೀನು ಓದು, ದುಡ್ಡು ನಾವು ನೋಡ್ಕೋತೀವಿ" ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ಮಗು ಅದನ್ನು ನಂಬಿ ಪಟ್ಟಿ ಮಾಡುತ್ತದೆ. ಏಪ್ರಿಲಿನಲ್ಲಿ ಸೀಟು ಸಿಕ್ಕಿದ ಮೇಲೆ "ಇಷ್ಟು ಆಗಲ್ಲ ಕಣೋ" ಅನ್ನುವುದು ತುಂಬಾ ಕಷ್ಟ. ಕೇಳುವ ಮಗುವಿಗೆ ಇನ್ನೂ ಕಷ್ಟ. ಆ ಮಾತನ್ನು ಡಿಸೆಂಬರಿನಲ್ಲೇ ಆಡಿಬಿಡಿ.

ಕೂರುವ ಮುಂಚೆ ಅಪ್ಪ-ಅಮ್ಮ ಇಬ್ಬರೇ ಒಂದು ಅಂಕಿಗೆ ಬನ್ನಿ. ವರ್ಷಕ್ಕೆ ಎಷ್ಟು ಕೊಡಬಹುದು, ನಾಲ್ಕು ವರ್ಷ ಕೊಡಬಹುದಾ, ಕೆಳಗಿನ ಮಗುವಿಗೆ ಎಷ್ಟು ಉಳಿಯಬೇಕು, ಊರಿನಲ್ಲಿರುವ ಅಜ್ಜ-ಅಜ್ಜಿಯ ಖರ್ಚು ಏನು. ಮಕ್ಕಳ ಓದಿಗೆ ಅಂತ ಉಳಿಸುವ 529 ಖಾತೆಯಲ್ಲಿ ಏನಿದೆ ಅಂತ ನೋಡಿ. ನಿವೃತ್ತಿಯ ಹಣ ಮುಟ್ಟುವ ಯೋಚನೆ ಬೇಡ. ಓದಿಗೆ ಸಾಲ ಸಿಗುತ್ತದೆ, ಮುಪ್ಪಿಗೆ ಸಾಲ ಕೊಡುವವರಿಲ್ಲ.

ಆಮೇಲೆ ಮಗುವನ್ನು ಕರೆದು ಆ ಅಂಕಿಯನ್ನು ಹೇಳಿ. ಕಾರಣಗಳನ್ನೂ ಹೇಳಿ. ಹದಿನೇಳು ವಯಸ್ಸಿನವರಿಗೆ ಇದು ಅರ್ಥವಾಗುತ್ತದೆ. ನಮ್ಮನ್ನು ದೊಡ್ಡವರ ಹಾಗೆ ನೋಡಿದರು ಅನ್ನುವ ಭಾವನೆ ಬರುತ್ತದೆ.

ಈಗ ಇಬ್ಬರೂ ಕೂಡಿ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ತೆರೆಯಿರಿ. ಕೇಂದ್ರ ಸರ್ಕಾರದ ಸಹಾಯಧನ ಪಡೆಯುವ ಕಾಲೇಜುಗಳು ಇದನ್ನು ಇಡಲೇಬೇಕು ಅನ್ನುವುದು 2011ರಿಂದ ಇರುವ ನಿಯಮ. ನಿಮ್ಮ ಆದಾಯ, ಉಳಿತಾಯ ಹಾಕಿದರೆ ನೀವು ಅಂದಾಜು ಎಷ್ಟು ಕಟ್ಟಬೇಕಾಗಬಹುದು ಅಂತ ತೋರಿಸುತ್ತದೆ. ದೊಡ್ಡ ಫೀಸಿನ ಖಾಸಗಿ ಕಾಲೇಜು ಕೆಲವರಿಗೆ ತಮ್ಮ ರಾಜ್ಯದ ಯೂನಿವರ್ಸಿಟಿಗಿಂತ ಅಗ್ಗವಾಗುತ್ತದೆ. ಇನ್ನು ಕೆಲವರಿಗೆ, ಮುಖ್ಯವಾಗಿ ಇಬ್ಬರೂ ದುಡಿಯುವ ಸಾಫ್ಟ್‌ವೇರ್ ಮನೆಗಳಿಗೆ, ಒಂದು ಡಾಲರ್ ಸಹಾಯವೂ ಬರುವುದಿಲ್ಲ. ಎರಡನ್ನೂ ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಫಾಫ್ಸಾ. ಇದು ಕೇಂದ್ರ ಸರ್ಕಾರದ ನೆರವಿಗೆ ಹಾಕುವ ಅರ್ಜಿ, ಶುಲ್ಕವಿಲ್ಲ. ಮಾಮೂಲಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ ಕೇಳುತ್ತದೆ. ಅಂದರೆ 2026ರಲ್ಲಿ ಕಾಲೇಜು ಸೇರುವ ಮಗುವಿಗೆ 2024ರ ಲೆಕ್ಕ. ಇನ್ನೂ ತುಂಬಿಲ್ಲದಿದ್ದರೆ ಈ ರಜೆಯಲ್ಲಿ ಒಂದು ಮಧ್ಯಾಹ್ನ ಇದಕ್ಕೆ ಕೊಡಿ. ಮಗುವಿಗೂ ಹೆತ್ತವರಿಗೂ ಬೇರೆ ಬೇರೆ ಅಕೌಂಟ್ ಬೇಕು. "ನಮ್ಮ ಆದಾಯ ಜಾಸ್ತಿ, ನಮಗೆ ಏನೂ ಸಿಗಲ್ಲ" ಅಂತ ಬಿಟ್ಟುಬಿಡಬೇಡಿ. ಮೊದಲ ವರ್ಷದ ವಿದ್ಯಾರ್ಥಿಗೆ ಅವರ ಹೆಸರಿನಲ್ಲೇ 5,500 ಡಾಲರ್‌ವರೆಗೆ ಸಿಗುವ ಸರ್ಕಾರಿ ಸಾಲಕ್ಕೆ ಆದಾಯದ ಮಿತಿ ಇಲ್ಲ. ಆದರೆ ಫಾಫ್ಸಾ ಬೇಕು. ಹೆತ್ತವರು ತೆಗೆದುಕೊಳ್ಳುವ ಪೇರೆಂಟ್ ಪ್ಲಸ್ ಸಾಲಕ್ಕೆ ಮಾತ್ರ ಕಾಲ ಬದಲಾಗಿದೆ. 2026ರ ಜುಲೈ 1ರಿಂದ ಹೊಸದಾಗಿ ತೆಗೆದುಕೊಳ್ಳುವವರಿಗೆ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000 ಡಾಲರ್, ಒಟ್ಟು 65,000 ಡಾಲರ್ ಮಿತಿ ಬಂದಿದೆ. ಹಳೆಯ ಲೆಕ್ಕ ಹೇಳುವ ಸ್ನೇಹಿತರ ಮಾತಿನ ಮೇಲೆ ಪ್ಲಾನ್ ಮಾಡಬೇಡಿ.

ಆಸ್ತಿಯ ಪ್ರಶ್ನೆಯಲ್ಲಿ ನಮ್ಮವರು ತಡವರಿಸುವುದು ಊರಿನ ಸೈಟಿನ ವಿಷಯಕ್ಕೆ. ಫಾಫ್ಸಾ ನೀವು ವಾಸವಿರುವ ಮನೆಯನ್ನು ಕೇಳುವುದಿಲ್ಲ, ನಿವೃತ್ತಿ ಖಾತೆಯನ್ನೂ ಕೇಳುವುದಿಲ್ಲ. ಆದರೆ ನಿಮ್ಮ ಹೆಸರಿನಲ್ಲಿ ಮೈಸೂರಿನಲ್ಲಿ ಸೈಟು, ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟು ಇದ್ದರೆ ಅದು ಹೂಡಿಕೆ. ಆಸ್ತಿಯ ಪ್ರಶ್ನೆ ಕೇಳಿದಾಗ ಹೇಳಲೇಬೇಕು. ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ತೋಟ ನಿಮ್ಮದಲ್ಲ, ಅದನ್ನು ಹಾಕಬೇಕಾಗಿಲ್ಲ. ಎಷ್ಟೋ ಖಾಸಗಿ ಕಾಲೇಜುಗಳು ತಮ್ಮ ನೆರವಿಗಾಗಿ ಕೇಳುವ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಅರ್ಜಿ ಇನ್ನೂ ಆಳಕ್ಕೆ ಹೋಗುತ್ತದೆ. ಅದರಲ್ಲಿ ವಾಸದ ಮನೆಯ ಬೆಲೆಯನ್ನೂ ಕೇಳುತ್ತಾರೆ. ಅದರ ಗಡುವು ಕಾಲೇಜಿನಿಂದ ಕಾಲೇಜಿಗೆ ಬೇರೆ, ಅಪ್ಲಿಕೇಶನ್ ಗಡುವಿನ ಪಕ್ಕದಲ್ಲೇ ಅದನ್ನೂ ಬರೆದಿಟ್ಟುಕೊಳ್ಳಿ.

ಎಚ್-4 ವೀಸಾದಲ್ಲಿರುವ (ಅಂದರೆ ಹೆತ್ತವರ ಎಚ್-1ಬಿ ಕೆಲಸದ ವೀಸಾದ ಮೇಲೆ ಅವಲಂಬಿತರಾದ) ಮಕ್ಕಳ ಮನೆಯವರು ಇಲ್ಲಿ ನಿಧಾನವಾಗಿ ಓದಿ. ಫಾಫ್ಸಾದ ಮೂಲಕ ಬರುವ ಕೇಂದ್ರದ ಗ್ರಾಂಟ್ (ತೀರಿಸಬೇಕಿಲ್ಲದ ನೆರವು), ಸಾಲ ಎರಡೂ ಈ ಮಕ್ಕಳಿಗೆ ಇಲ್ಲ. ಗ್ರೀನ್ ಕಾರ್ಡ್ ಇದ್ದರೆ ಇದೆ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಆ ರಾಜ್ಯದವರಿಗೆ ಇರುವ ಕಡಿಮೆ ಫೀಸು ಸಿಗುತ್ತದಾ ಅನ್ನುವುದು ಆಯಾ ರಾಜ್ಯದ ನಿಯಮ. ಯುಸಿಗಳಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ, ಎಚ್-4 ಮಕ್ಕಳು ವಾಸದ ದಾಖಲೆ ತೋರಿಸಿ ಅದನ್ನು ಪಡೆಯಬಹುದು. ನಿಮ್ಮ ರಾಜ್ಯದ ಯೂನಿವರ್ಸಿಟಿಯ ರೆಸಿಡೆನ್ಸಿ ಪುಟವನ್ನು ನೀವೇ ಓದಿ, ವಾಟ್ಸಾಪ್ ಗುಂಪಿನ ಉತ್ತರದ ಮೇಲೆ ನಿಲ್ಲಬೇಡಿ. ಖಾಸಗಿ ಕಾಲೇಜುಗಳಲ್ಲಿ ಈ ಮಕ್ಕಳನ್ನು ನೆರವಿನ ವಿಷಯದಲ್ಲಿ ಬಹಳ ಕಡೆ ಹೊರದೇಶದವರ ಗುಂಪಿಗೇ ಸೇರಿಸುತ್ತಾರೆ. ನೆರವು ಕೇಳಿದರೆ ಸೀಟು ಸಿಗುವ ಸಾಧ್ಯತೆ ಕಡಿಮೆಯಾಗಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ಹೊರದೇಶದವರಿಗೂ ದುಡ್ಡಿನ ಸ್ಥಿತಿ ನೋಡದೆ ಸೀಟು ಕೊಡುತ್ತವೆ. ಇನ್ನೊಂದು ವಿಷಯ: 21 ತುಂಬಿದಾಗ ಎಚ್-4 ಮುಗಿಯುತ್ತದೆ. ಅದು ಕಾಲೇಜಿನ ಮಧ್ಯದಲ್ಲೇ ಬರುತ್ತದೆ. ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸುವ ಯೋಚನೆಯನ್ನು ನಿಮ್ಮ ವಕೀಲರ ಜೊತೆ ಈಗಲೇ ಮಾತಾಡಿ. ಹತ್ತು-ಹನ್ನೆರಡು ವರ್ಷ ಇಲ್ಲೇ ಬೆಳೆದ ಮಗುವಿಗೆ ಈ ಮಾತು ನೋವು ಕೊಡುತ್ತದೆ. ಆದರೂ ಮನೆಯವರ ಬಾಯಿಂದಲೇ ಅದಕ್ಕೆ ತಿಳಿಯಬೇಕು.

ಪಟ್ಟಿಗೆ ಕತ್ತರಿ

ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಕಾಮನ್ ಆ್ಯಪ್ ವೆಬ್‌ಸೈಟಿನಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ಹಾಕಬಹುದು ಅಂತ ಹಾಕಬೇಕಿಲ್ಲ. ಡಿಸೆಂಬರ್ ಮಧ್ಯದಲ್ಲಿ ಅರ್ಲಿ ಡಿಸಿಷನ್ (ಸೀಟು ಕೊಟ್ಟರೆ ಬಂದೇ ಬರುತ್ತೇವೆ ಅಂತ ಮೊದಲೇ ಹಾಕಿದ ಅರ್ಜಿಯ) ಫಲಿತಾಂಶ ಬರುತ್ತದೆ. ಯಾರದೋ ಮಗುವಿಗೆ ಸಿಕ್ಕಿತು, ನಮ್ಮದಕ್ಕೆ ಸಿಗಲಿಲ್ಲ ಅನ್ನುವ ಗಾಬರಿಯಲ್ಲಿ ರಾತ್ರೋರಾತ್ರಿ ಆರು ಹೊಸ ಹೆಸರು ಸೇರುತ್ತವೆ. ಆರು ಕಾಲೇಜು ಅಂದರೆ ಹತ್ತು-ಹದಿನೈದು ಹೊಸ ಸಣ್ಣ ಎಸ್ಸೇಗಳು. ಯಾವುದೂ ಚೆನ್ನಾಗಿ ಆಗುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ರಜೆಯಲ್ಲಿ ಪಟ್ಟಿ ಬೆಳೆಯಬಾರದು. ಸೇರಿಸುವುದಾದರೆ ಒಂದೇ ಬಗೆಯ ಕಾಲೇಜು ಸೇರಿಸಿ: ಖಂಡಿತ ಸೀಟು ಸಿಗುವಂಥದ್ದು, ನೀವು ಹೇಳಿದ ಅಂಕಿಯೊಳಗೆ ಬರುವಂಥದ್ದು, ಮತ್ತು ಮಗು ಖುಷಿಯಿಂದ ಹೋಗುವಂಥದ್ದು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಅದು ಸೇಫ್ಟಿ, ಅಂದರೆ ಕೈಬಿಡದ ಕಾಲೇಜು, ಅಲ್ಲ. ಪಿಟ್ಸ್‌ಬರ್ಗ್ ಯೂನಿವರ್ಸಿಟಿ, ಅರಿಝೋನಾ ಸ್ಟೇಟ್‌ನಂಥವು ರೋಲಿಂಗ್ ಅಡ್ಮಿಶನ್ ಇಟ್ಟುಕೊಂಡಿವೆ. ಬಂದ ಅರ್ಜಿಯನ್ನು ಬಂದ ಹಾಗೆ ನೋಡಿ ಉತ್ತರ ಕೊಡುತ್ತವೆ. ಇಂಥ ಒಂದು ಕಡೆಯಿಂದ ಬೇಗ "ಬನ್ನಿ" ಅಂತ ಕಾಗದ ಬಂದರೆ ಮಗುವಿನ ಮುಖವೇ ಬದಲಾಗುತ್ತದೆ.

ಯುಸಿ ಅರ್ಜಿಯ ಗಡುವು ರಜೆಗೆ ಮುಂಚೆಯೇ ಮುಗಿದಿರುತ್ತದೆ. ಅದು ತಪ್ಪಿಹೋಗಿದ್ದರೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸರ್ಕಾರಿ ಕಾಲೇಜಿನ) ದಾರಿಯನ್ನು ಕೀಳಾಗಿ ನೋಡಬೇಡಿ. ಅಲ್ಲಿ ಎರಡು ವರ್ಷ ಓದಿ, ಷರತ್ತು ಪೂರೈಸಿದರೆ ಟ್ಯಾಗ್ ಅನ್ನುವ ಒಪ್ಪಂದದಡಿ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಖಚಿತ ಸೀಟಿನ ಮೇಲೆ ಹೋಗಬಹುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಆ ಆರು. "ಜನ ಏನಂತಾರೆ" ಅನ್ನುವುದನ್ನು ಬಿಟ್ಟು ಲೆಕ್ಕ ಹಾಕಿ ನೋಡಿ.

ಬರವಣಿಗೆ ಮಗುವಿನದು

ದೊಡ್ಡ ಎಸ್ಸೇ 650 ಪದ ದಾಟುವಂತಿಲ್ಲ. ರಜೆಯ ಹೊತ್ತಿಗೆ ಅದು ಮುಗಿದಿರುತ್ತದೆ ಅಂದುಕೊಳ್ಳೋಣ. ಉಳಿದಿರುವುದು "ನಮ್ಮ ಕಾಲೇಜೇ ಯಾಕೆ" ಅನ್ನುವ ಸಣ್ಣ ಎಸ್ಸೇಗಳು. ಇಲ್ಲಿ ಪ್ರಶಂಸೆ ಸಾಲುವುದಿಲ್ಲ. ಆ ಕಾಲೇಜಿನ ಯಾವ ಕೋರ್ಸ್, ಯಾವ ಲ್ಯಾಬ್, ಯಾವ ಕ್ಲಬ್, ಅದು ಮಗು ಈಗಾಗಲೇ ಮಾಡಿರುವ ಯಾವ ಕೆಲಸಕ್ಕೆ ಸೇರುತ್ತದೆ ಅಂತ ಬರೆಯಬೇಕು. ಕಾಲೇಜಿನ ಹೆಸರು ಅಳಿಸಿ ಇನ್ನೊಂದು ಹೆಸರು ಹಾಕಿದರೂ ಎಸ್ಸೇ ಹೊಂದುತ್ತದೆ ಅಂದರೆ ಮತ್ತೆ ಬರೆಯಬೇಕು.

ದಿನಕ್ಕೆ ಒಂದು ಕಾಲೇಜು, ಬೆಳಗಿನ ಎರಡು ಗಂಟೆ. ಮಧ್ಯಾಹ್ನದಿಂದ ಮಗು ಸ್ವತಂತ್ರ. ರಾತ್ರಿ ಹನ್ನೊಂದರ ನಂತರ ಕೂರಿಸಬೇಡಿ.

ಚಟುವಟಿಕೆಗಳ ಭಾಗದಲ್ಲಿ ಹತ್ತು ಸಾಲು ಇರುತ್ತದೆ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ನಮ್ಮ ಮಕ್ಕಳು ಇಲ್ಲಿ ತಮ್ಮ ಮನೆಯ ಬದುಕನ್ನೇ ಬಿಟ್ಟುಬಿಡುತ್ತಾರೆ. ಕನ್ನಡ ಕಲಿ ತರಗತಿಯಲ್ಲಿ ಭಾನುವಾರ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟಿದ್ದು, ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಸೌಂಡ್ ನೋಡಿಕೊಂಡಿದ್ದು, ಎಂಟು ವರ್ಷ ಸಂಗೀತ ಕಲಿತದ್ದು, ಇವೆಲ್ಲ ಬರೆಯಬೇಕಾದವು. ಅಪ್ಪ-ಅಮ್ಮ ಕೆಲಸದಿಂದ ಬರುವವರೆಗೆ ತಮ್ಮನನ್ನು ನೋಡಿಕೊಂಡಿದ್ದು, ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅವರ ಕನ್ನಡವನ್ನು ಇಂಗ್ಲಿಷಿಗೆ ಹೇಳಿದ್ದು ಕೂಡ. ಕುಟುಂಬದ ಜವಾಬ್ದಾರಿ ಅನ್ನುವ ವಿಭಾಗವೇ ಆ ಪಟ್ಟಿಯಲ್ಲಿದೆ. ಅದು ಇರುವುದು ಇಂಥ ಮಕ್ಕಳಿಗಾಗಿಯೇ.

ನಿಮ್ಮ ಪಾಲು ಏನು? ಮಗು ಒಪ್ಪಿದರೆ ಎಸ್ಸೇಯನ್ನು ಒಂದು ಸಲ ಗಟ್ಟಿಯಾಗಿ ಓದಿಸಿ ಕೇಳಿ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಇಷ್ಟವಾಯಿತು ಅಂತ ಹೇಳಿ. ಅಲ್ಲಿಗೆ ನಿಲ್ಲಿಸಿ. ನೀವು ವಾಕ್ಯ ತಿದ್ದಿದರೆ ನಲವತ್ತೈದು ವಯಸ್ಸಿನವರ ದನಿ ಬಂದುಬಿಡುತ್ತದೆ, ಓದುವವರಿಗೆ ಅದು ಗೊತ್ತಾಗುತ್ತದೆ. ಎಐ ಬರೆದಿದ್ದನ್ನು ತನ್ನದು ಅಂತ ಕೊಡುವುದನ್ನು ಕಾಮನ್ ಆ್ಯಪ್ ವಂಚನೆ ಅಂತಲೇ ಎಣಿಸುತ್ತದೆ. ಆ ಹಾದಿ ಬೇಡ.

ಕಳಿಸುವ ದಿನ ಡಿಸೆಂಬರ್ 29

ಹಾರ್ವರ್ಡ್‌ನ ಗಡುವು ಜನವರಿ 1, ಸ್ಟ್ಯಾನ್‌ಫರ್ಡ್‌ನದು ಜನವರಿ 5, ಮಿಶಿಗನ್ ಯೂನಿವರ್ಸಿಟಿಯದು ಫೆಬ್ರವರಿ 1, ಹೀಗೆ ಚೆಲ್ಲಾಡಿರುತ್ತವೆ. ವರ್ಷದಿಂದ ವರ್ಷಕ್ಕೆ ಒಂದೆರಡು ದಿನ ಆಚೀಚೆ ಆಗುವುದುಂಟು, ಆಯಾ ಕಾಲೇಜಿನ ಪುಟದಲ್ಲೇ ನೋಡಿ. ಜನವರಿ ಮೊದಲ ವಾರದವುಗಳಿಗೆಲ್ಲ ಮನೆಯ ಗಡುವು ಡಿಸೆಂಬರ್ 29 ಅಂತ ಇಟ್ಟುಕೊಳ್ಳಿ. ಕೊನೆಯ ರಾತ್ರಿ ವೆಬ್‌ಸೈಟ್ ನಿಧಾನವಾಗುತ್ತದೆ, ಕಾರ್ಡ್ ಪಾವತಿ ಸಿಕ್ಕಿಹಾಕಿಕೊಳ್ಳುತ್ತದೆ, ಕೇಳೋಣ ಅಂದರೆ ಆಫೀಸುಗಳು ಮುಚ್ಚಿರುತ್ತವೆ.

ಕಳಿಸುವ ಮುಂಚೆ ಪಿಡಿಎಫ್ ಪ್ರಿವ್ಯೂ ಬರುತ್ತದೆ. ಅದನ್ನು ಪೂರ್ತಿ ಓದಲಿ. ಎಸ್ಸೇ ಮಧ್ಯದಲ್ಲಿ ತುಂಡಾಗಿದೆಯಾ, ಬೇರೆ ಕಾಲೇಜಿನ ಹೆಸರು ಉಳಿದುಬಿಟ್ಟಿದೆಯಾ, ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯಾ. ಇನಿಷಿಯಲ್, ಅಪ್ಪನ ಹೆಸರು, ಊರಿನ ಹೆಸರು ಸೇರಿದ ನಮ್ಮ ಹೆಸರುಗಳು ಶಾಲೆಯಲ್ಲಿ ಒಂದು ಥರ, ಟೆಸ್ಟಿನಲ್ಲಿ ಇನ್ನೊಂದು ಥರ ಇದ್ದರೆ ಕಾಗದಗಳು ಒಂದಕ್ಕೊಂದು ಸೇರುವುದಿಲ್ಲ. ಪಾವತಿಯಾದ ಮೇಲೂ ಒಂದು ಸಹಿಯ ಹೆಜ್ಜೆ ಇರುತ್ತದೆ, ಅದನ್ನು ಬಿಟ್ಟರೆ ಅರ್ಜಿ ಹೋಗಿರುವುದಿಲ್ಲ. ಕೆಲವು ಕಾಲೇಜುಗಳ ಸಣ್ಣ ಎಸ್ಸೇಗಳನ್ನು ಬೇರೆಯಾಗಿ ಸಬ್ಮಿಟ್ ಮಾಡಬೇಕು. ಅರ್ಜಿ ಶುಲ್ಕ ಹೊರೆಯಾದರೆ ಕಾಮನ್ ಆ್ಯಪ್‌ನಲ್ಲೇ ಶುಲ್ಕ ಮಾಫಿ ಕೇಳುವ ಜಾಗವಿದೆ. ಅರ್ಹತೆ ಇದ್ದರೆ ಸಂಕೋಚ ಬೇಡ.

ರಜೆಗೆ ಊರಿಗೆ ಹೋಗುವವರು

ಡಿಸೆಂಬರಿನಲ್ಲಿ ಬೆಂಗಳೂರಿಗೆ ಟಿಕೆಟ್ ಮಾಡಿದ್ದರೆ ವಿಮಾನ ಹತ್ತುವ ಮುಂಚೆಯೇ ಅರ್ಜಿಗಳನ್ನು ಕಳಿಸಿಬಿಡಿ. ಅಲ್ಲಿ ಮದುವೆ, ಓಡಾಟ, ಜೆಟ್ ಲ್ಯಾಗ್ ಮಧ್ಯೆ ಬರೆಯಲು ಆಗುವುದಿಲ್ಲ. ಚಳಿಗಾಲದಲ್ಲಿ ಭಾರತದ ಸಮಯ ನ್ಯೂಜೆರ್ಸಿಗಿಂತ ಹತ್ತೂವರೆ ಗಂಟೆ, ಕ್ಯಾಲಿಫೋರ್ನಿಯಾಗಿಂತ ಹದಿಮೂರೂವರೆ ಗಂಟೆ ಮುಂದೆ. ಗಡುವಿನ ಲೆಕ್ಕ ತಪ್ಪುವುದು ಸುಲಭ.

ಏನಾದರೂ ಉಳಿದೇ ಉಳಿದರೆ ಲಾಗಿನ್ ಕೋಡ್ ನೆನಪಿಡಿ. ಎಸ್ಸೆಮ್ಮೆಸ್ ಕೋಡ್ ನಿಮ್ಮ ಅಮೆರಿಕದ ನಂಬರಿಗೆ ಬರುತ್ತದೆ. ಆ ಸಿಮ್ ಅಲ್ಲಿ ಕೆಲಸ ಮಾಡದಿದ್ದರೆ ಫಾಫ್ಸಾ ಖಾತೆಯ ಒಳಗೂ ಹೋಗಲಾಗದು, ಬ್ಯಾಂಕಿನ ಒಳಗೂ ಹೋಗಲಾಗದು. ಹೊರಡುವ ಮುಂಚೆ ಸಿಮ್ ಇಲ್ಲದೆ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ.

ನೆಂಟರ ಮನೆಯಲ್ಲಿ "ಯಾವ ಕಾಲೇಜು, ಎಷ್ಟು ಪರ್ಸೆಂಟು" ಅಂತ ಎಲ್ಲರೂ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. "ಏಪ್ರಿಲಿನಲ್ಲಿ ಗೊತ್ತಾಗತ್ತೆ ದೊಡ್ಡಮ್ಮ" ಅಂತ ನೀವೇ ಉತ್ತರ ಕೊಟ್ಟು ಮಗುವನ್ನು ಉಳಿಸಿ.

ಡಿಫರ್ ಆದವರು, ಬೇಡ ಅನ್ನಿಸಿಕೊಂಡವರು

ಮೊದಲೇ ಹಾಕಿದ ಅರ್ಲಿ ಅರ್ಜಿಗೆ ಬೇಡ ಅಂತ ಬಂದಿದ್ದರೆ ಎರಡು ದಿನ ಮಗುವಿಗೆ ಬಿಡಿ. ಕಾರಣ ಹುಡುಕಬೇಡಿ, ಬೇರೆ ಮಕ್ಕಳ ಹೆಸರು ಎತ್ತಬೇಡಿ. ಡಿಫರ್ ಅಂದರೆ ತೀರ್ಮಾನವನ್ನು ಮಾಮೂಲು ಸುತ್ತಿಗೆ ಮುಂದೂಡಿದ್ದಾರೆ, ಇನ್ನೂ ಬಾಗಿಲು ಮುಚ್ಚಿಲ್ಲ ಅಂತ. ಕಾಲೇಜಿನ ಸೂಚನೆ ಓದಿ. ಕೆಲವರು ಪೋರ್ಟಲಿನಲ್ಲಿ ಫಾರಂ ಕೊಡುತ್ತಾರೆ, ಕೆಲವರು ಏನೂ ಕಳಿಸಬೇಡಿ ಅನ್ನುತ್ತಾರೆ. ಪತ್ರ ಬರೆಯಬಹುದು ಅಂದರೆ ಒಂದು ಪುಟದೊಳಗೆ ಬರೆಯಲಿ: ಅರ್ಜಿ ಹಾಕಿದ ಮೇಲೆ ಹೊಸದಾಗಿ ಏನಾಯಿತು, ಈ ಕಾಲೇಜು ಇನ್ನೂ ಯಾಕೆ ಬೇಕು. ಸೆಮಿಸ್ಟರಿನ ಗ್ರೇಡ್ ಬಂದ ಮೇಲೆ ಜನವರಿಯಲ್ಲಿ ಕಳಿಸಿದರೆ ಹೇಳಲು ವಿಷಯ ಇರುತ್ತದೆ.

ಮನೆಗೆ ಬಂದಿರುವ ಅಕ್ಕ-ಅಣ್ಣಂದಿರು

ರಜೆಯಲ್ಲಿ ಕ್ಯಾಂಪಸ್ ನೋಡಲು ಹೋಗುವುದರಿಂದ ಹೆಚ್ಚು ಪ್ರಯೋಜನವಿಲ್ಲ, ವಿದ್ಯಾರ್ಥಿಗಳೇ ಇರುವುದಿಲ್ಲ. ಅವರೆಲ್ಲ ನಮ್ಮ ಊರಿಗೆ ಬಂದಿರುತ್ತಾರೆ! ಹೋದ ವರ್ಷ ಕಾಲೇಜು ಸೇರಿದ ನಿಮ್ಮ ಪರಿಚಯದ ಮಕ್ಕಳನ್ನು ಒಂದು ಸಂಜೆ ದೋಸೆಗೆ ಕರೆಯಿರಿ. ದೊಡ್ಡವರು ಅಡುಗೆಮನೆಯಲ್ಲಿರಿ. ಬೇಕಾದ ಕೋರ್ಸಿನಲ್ಲಿ ಜಾಗ ಸಿಗುತ್ತಾ, ಮೇಜರ್ (ಓದುವ ಮುಖ್ಯ ವಿಷಯ) ಬದಲಾಯಿಸಲು ಬಿಡುತ್ತಾರಾ, ಹುಷಾರಿಲ್ಲದಾಗ ಯಾರು ನೋಡುತ್ತಾರೆ, ಸಸ್ಯಾಹಾರಿಗೆ ಮೆಸ್ಸಿನಲ್ಲಿ ಏನಿರುತ್ತದೆ, ಶನಿವಾರ ಏನು ಮಾಡುತ್ತೀರಿ. ಇವನ್ನು ಯಾವ ಬ್ರೋಷರೂ ಹೇಳುವುದಿಲ್ಲ. ಮೇಜರ್ ಬದಲಾವಣೆಯ ಪ್ರಶ್ನೆ ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರಿಗೆ ತುಂಬಾ ಮುಖ್ಯ. ಬೇರೆ ಮೇಜರಿನಲ್ಲಿ ಒಳಗೆ ಹೋಗಿ ಆಮೇಲೆ ಬದಲಾಯಿಸೋಣ ಅನ್ನುವುದು ಎಷ್ಟೋ ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನಡೆಯುವುದಿಲ್ಲ.

ಜನವರಿ ಮೊದಲ ವಾರ

ಅರ್ಜಿ ಕಳಿಸಿದ ಮೇಲೆ ಪ್ರತಿ ಕಾಲೇಜೂ ಪೋರ್ಟಲ್ ತೆರೆಯಲು ಇಮೇಲ್ ಕಳಿಸುತ್ತದೆ. ಸ್ಪ್ಯಾಮ್ ಫೋಲ್ಡರನ್ನೂ ನೋಡಲಿ. ಪೋರ್ಟಲಿನಲ್ಲಿ ಏನು ತಲುಪಿದೆ, ಏನಿಲ್ಲ ಅನ್ನುವ ಪಟ್ಟಿ ಇರುತ್ತದೆ. ವಾರಕ್ಕೊಮ್ಮೆ ನೋಡಿದರೆ ಸಾಕು. ಶಾಲೆ ತೆರೆದ ದಿನವೇ ಕೌನ್ಸಿಲರಿಗೆ ಮಿಡ್-ಇಯರ್ ರಿಪೋರ್ಟ್ ನೆನಪಿಸಲಿ. ಮೊದಲ ಸೆಮಿಸ್ಟರಿನ ಗ್ರೇಡ್ ಕಾಲೇಜಿಗೆ ಹೋಗುವುದು ಅದರಲ್ಲೇ. ಎರಡನೇ ಸೆಮಿಸ್ಟರಿನಲ್ಲಿ ಓದು ಪೂರ್ತಿ ಬಿಟ್ಟರೆ ಕೊಟ್ಟ ಸೀಟನ್ನೂ ಕಾಲೇಜು ವಾಪಸ್ ಪಡೆಯಬಹುದು.

ಸ್ಕಾಲರ್‌ಶಿಪ್ ಹುಡುಕುವುದಕ್ಕೆ ಇದು ಒಳ್ಳೆಯ ಹೊತ್ತು. ದೇಶಮಟ್ಟದ ದೊಡ್ಡವು ಎಷ್ಟೋ ಮುಗಿದಿರುತ್ತವೆ, ಊರಿನ ಸಣ್ಣವು ಆಗಷ್ಟೇ ತೆರೆಯುತ್ತವೆ. ಶಾಲೆಯ ಪಟ್ಟಿ, ರೋಟರಿ, ಕ್ರೆಡಿಟ್ ಯೂನಿಯನ್, ನಿಮ್ಮ ಕಂಪನಿಯ ಎಚ್ಆರ್, ಹತ್ತಿರದ ಕನ್ನಡ ಕೂಟ, ಎಲ್ಲರನ್ನೂ ಕೇಳಿ. ಅರ್ಜಿಗೇ ದುಡ್ಡು ಕೇಳುವ ಸ್ಕಾಲರ್‌ಶಿಪ್ಪಿನ ಹತ್ತಿರ ಹೋಗಬೇಡಿ.

ಕೊನೆಗೆ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿ. ಮಾರ್ಚ್ ಕೊನೆಯ ವಾರ, ಉತ್ತರಗಳು ಬರುವ ಹೊತ್ತು. ಮೇ 1, ಬಹುತೇಕ ಕಾಲೇಜುಗಳಿಗೆ "ಬರುತ್ತೇವೆ" ಅಂತ ಹೇಳಿ ಮುಂಗಡ ಕಟ್ಟುವ ಕೊನೆಯ ದಿನ. ಶನಿವಾರ ಮಾತಾಡಿದ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ನೆರವಿನ ಪತ್ರಗಳು ಬಂದಾಗ ಗ್ರಾಂಟ್ ಬೇರೆ, ಸಾಲ ಬೇರೆ ಮಾಡಿ, ಉಳಿದ ಮೊತ್ತವನ್ನು ಆ ಅಂಕಿಯ ಪಕ್ಕದಲ್ಲಿ ಬರೆದು ಮಗುವಿನ ಜೊತೆ ನೋಡಿ.